ಗಿರಾಕಿಯ ಹೆಸರಿನಲ್ಲಿ

ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಕೆಲಸ ಕೊಡುವಲ್ಲಿನ ತಾರತಮ್ಯದ ವಿಷಯ ಯಾಕೆ ಎಂದು ಸಂಪಾದಕ ಮಂಡಳಿಯಲ್ಲೇ ಒಬ್ಬಿಬ್ಬರು ಕೇಳಿದರು. ಟೊರಾಂಟೊ ಸುತ್ತಮುತ್ತ ನೆಲೆಸಿರುವ ನಮ್ಮಲ್ಲಿ ಬಹಳ ಮಂದಿ ಬಂದ ಹೊಸತರಲ್ಲಿ ಅರ್ಜಿ ಹಾಕಿ ಹಾಕಿ ಸುಸ್ತಾದವರೇ. ಹಾಗಾಗಿ ಇದು ಪರರ ಮನೆಯ ಸುದ್ದಿಯಲ್ಲ. ಆದರೆ ಈ ಸಲ ಕೌಂಟರಿನ ಇನ್ನೊಂದು ಬದಿಗೆ ನಿಂತು ಮಾತಾಡಬೇಕು ಅನ್ನಿಸಿದೆ.

ಗೊತ್ತಿರುವ ಬದಿಯನ್ನು ಮೊದಲು ಮುಗಿಸಿಬಿಡೋಣ. ಇಲ್ಲಿನ ಅರ್ಥಶಾಸ್ತ್ರಜ್ಞ ಫಿಲಿಪ್ ಓರಿಯೊಪೌಲಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಟೊರಾಂಟೊ ಕಂಪನಿಗಳಿಗೆ ಸುಮಾರು 6,000 ಕಲ್ಪಿತ ರೆಸ್ಯೂಮೆಗಳನ್ನು ಕಳಿಸಿದ್ದರು. ಓದು ಕೆನಡಾದ್ದೇ, ಅನುಭವವೂ ಕೆನಡಾದ್ದೇ ಆಗಿದ್ದಾಗಲೂ ಇಂಗ್ಲಿಷ್ ಹೆಸರಿನವರಿಗೆ ನೂರಕ್ಕೆ 16 ಕರೆ ಬಂದವು. ಭಾರತ, ಪಾಕಿಸ್ತಾನ, ಚೀನಾದ ಹೆಸರಿನವರಿಗೆ 11. ನಮ್ಮ ಕೃಷ್ಣಮೂರ್ತಿಗಳು ಕ್ರಿಸ್ ಆದದ್ದು ಶೋಕಿಗಲ್ಲ.

ಇಂಥ ಕಡೆ ಧಣಿ ಕೊಡುವ ಸಬೂಬು ಒಂದೇ: ನನಗೇನೂ ಇಲ್ಲ, ಗಿರಾಕಿಗಳು ಒಪ್ಪಬೇಕಲ್ಲ. ಸಬೂಬು ಎಂದು ತಳ್ಳಿಹಾಕುವುದು ಸುಲಭ. ಆದರೆ ಎಷ್ಟೋ ಸಲ ಅವನು ಹೇಳುವುದು ನಿಜ, ತೊಂದರೆ ಇರುವುದೂ ಅಲ್ಲೇ. ಅಮೆರಿಕದ ಗ್ಯಾರಿ ಬೆಕರ್ 1957ರಲ್ಲೇ ಈ ಲೆಕ್ಕ ಹಾಕಿ ತೋರಿಸಿದ್ದರು. ಧಣಿಗೇ ವರ್ಣದ್ವೇಷವಿದ್ದರೆ ಅದರ ದಂಡ ಅವನೇ ತೆರುತ್ತಾನೆ. ಒಳ್ಳೆಯ ಕೆಲಸಗಾರರು ಪಕ್ಕದ ಅಂಗಡಿ ಸೇರುತ್ತಾರೆ, ಪೈಪೋಟಿಯಲ್ಲಿ ಅವನು ಹಿಂದೆ ಬೀಳುತ್ತಾನೆ. ದ್ವೇಷ ಗಿರಾಕಿಯದ್ದಾದರೆ ಲೆಕ್ಕ ತಲೆಕೆಳಗು. ಗಿರಾಕಿಯ ಮಾತು ಕೇಳಿದವನು ಉಳಿಯುತ್ತಾನೆ, ಕೇಳದವನು ಸೋಲುತ್ತಾನೆ. ಮಾರುಕಟ್ಟೆ ತಾನಾಗಿಯೇ ಇದನ್ನು ಸರಿಮಾಡೀತು ಎಂದು ಕಾಯುವುದು ವ್ಯರ್ಥ.

ಬೆಲ್ಜಿಯಂನಲ್ಲಿ ಗ್ಯಾರೇಜಿನ ಬಾಗಿಲು ಮಾರಿ, ಮನೆಗೇ ಬಂದು ಜೋಡಿಸಿಕೊಡುವ ಫೆರಿನ್ ಎಂಬ ಕಂಪನಿ ಇತ್ತು. ಮೊರಾಕೊ ಮೂಲದವರನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಗಿರಾಕಿಗಳು ಹಿಂಜರಿಯುತ್ತಾರೆ, ಆದ್ದರಿಂದ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಲಾರೆ ಎಂದು ಅದರ ನಿರ್ದೇಶಕ 2005ರಲ್ಲಿ ಪತ್ರಿಕೆಯವರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ. ಕೆಲಸ ತಪ್ಪಿತೆಂದು ದೂರು ಕೊಟ್ಟವರು ಯಾರೂ ಇರಲಿಲ್ಲ. ಆದರೂ 2008ರ ಜುಲೈನಲ್ಲಿ ಐರೋಪ್ಯ ನ್ಯಾಯಾಲಯ ಹಾಗೆ ಬಹಿರಂಗವಾಗಿ ಹೇಳುವುದೇ ನೇರ ತಾರತಮ್ಯ ಎಂದಿತು. ಆ ಮಾತು ಕೇಳಿದವರು ಅರ್ಜಿ ಹಾಕುವ ಗೋಜಿಗೇ ಹೋಗುವುದಿಲ್ಲವಲ್ಲ! ತೀರ್ಪು ಸರಿಯೇ. ಆದರೆ ಬಾಗಿಲು ಹಾಕಿಸಿಕೊಂಡ ಗಿರಾಕಿಗಳನ್ನು ಯಾರೂ ಕಟಕಟೆಗೆ ಕರೆಯಲಿಲ್ಲ. ಕಾನೂನಿನ ಕೈ ಅಷ್ಟು ದೂರ ಚಾಚುವುದಿಲ್ಲ. ನಮ್ಮ ಒಂಟಾರಿಯೊದ ಮಾನವ ಹಕ್ಕುಗಳ ಸಂಹಿತೆಯ ಕಣ್ಣಲ್ಲೂ ಗಿರಾಕಿಯ ಇಷ್ಟ ಒಂದು ನೆಪವಾಗಲಾರದು. ಸಿಕ್ಕಿಬೀಳುವವನು ಮಾತ್ರ ಧಣಿಯೇ.

ಇನ್ನೊಂದು ಪ್ರಕರಣ ಅಮೆರಿಕದ ಇಂಡಿಯಾನಾದ ಒಂದು ವೃದ್ಧಾಶ್ರಮದ್ದು. ಅಲ್ಲಿನ ಕಪ್ಪು ವರ್ಣದ ಆರೈಕೆದಾರಳಿಗೆ ದಿನವೂ ಕೈಗೆ ಕೊಡುತ್ತಿದ್ದ ಕೆಲಸದ ಹಾಳೆಯಲ್ಲಿ ಒಬ್ಬ ನಿವಾಸಿಗೆ ಕಪ್ಪು ಸಿಬ್ಬಂದಿ ಬೇಡವೆಂದು ನಮೂದಾಗಿತ್ತು. ಒಂದು ದಿನ ಆ ಅಜ್ಜಿ ಎದ್ದು ನಿಲ್ಲಲೂ ತ್ರಾಣವಿಲ್ಲದೆ ನೆಲದ ಮೇಲಿದ್ದಳು. ಕಂಡವಳು ಮುಟ್ಟುವಂತಿಲ್ಲ. ಬಿಳಿ ಆರೈಕೆದಾರಳೊಬ್ಬಳನ್ನು ಹುಡುಕಿಕೊಂಡು ಕಟ್ಟಡವೆಲ್ಲ ಅಲೆಯಬೇಕಾಯಿತು. ನಿವಾಸಿಯ ಇಷ್ಟ ಪಾಲಿಸಿದೆವು ಎಂಬ ಆಶ್ರಮದವರ ವಾದವನ್ನು ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಒಪ್ಪಲಿಲ್ಲ.

ಮುಟ್ಟುವಂತಿಲ್ಲ ಎಂಬುದು ನಮಗೆ ಹೊಸ ಮಾತೇನೂ ಅಲ್ಲ, ಬಿಡಿ.

ಈಗ ನಮ್ಮ ಮನೆಗೆ ಬರೋಣ. ಊರಿಂದ ಕರೆಸಿಕೊಂಡ ಅಪ್ಪ ಅಮ್ಮಂದಿರಿಗೆ ವಯಸ್ಸಾಗಿದೆ. ಸ್ನಾನ ಮಾಡಿಸಲು, ಮಾತ್ರೆ ಕೊಡಲು ಏಜೆನ್ಸಿಯಿಂದ ಆರೈಕೆದಾರರು, ಅಂದರೆ ಪಿಎಸ್‌ಡಬ್ಲ್ಯು ಬರುತ್ತಾರೆ. ಇವರಲ್ಲಿ ಬಹಳ ಜನ ಫಿಲಿಪೀನ್ಸ್, ಕೆರಿಬಿಯನ್, ಆಫ್ರಿಕಾದಿಂದ ಬಂದ ಹೆಂಗಸರು. ಎರಡನೇ ದಿನವೇ ಏಜೆನ್ಸಿಗೆ ಫೋನು: “ಅಮ್ಮನಿಗೆ ಅಭ್ಯಾಸ ಇಲ್ಲ, ಬೇರೆ ಯಾರನ್ನಾದರೂ ಕಳಿಸಿ.” ಏನು ಅಭ್ಯಾಸವಿಲ್ಲ ಎಂದು ಏಜೆನ್ಸಿಯವರು ಕೇಳುವುದಿಲ್ಲ, ಅವರಿಗೆ ಅರ್ಥವಾಗಿರುತ್ತದೆ. ಇಲ್ಲೊಂದು ಗೆರೆ ಎಳೆಯಬೇಕು. ಮರೆವಿನ ಕಾಯಿಲೆಯಲ್ಲಿ ಕಲಿತ ಇಂಗ್ಲಿಷೆಲ್ಲ ಅಳಿಸಿಹೋಗಿ ಕನ್ನಡವೊಂದೇ ಉಳಿದ ತಾಯಿಗೆ ಕನ್ನಡ ಬಲ್ಲವರು ಬೇಕೆನ್ನುವುದು ನ್ಯಾಯ. ಸ್ನಾನಕ್ಕೆ ಹೆಂಗಸೇ ಬೇಕೆನ್ನುವುದೂ ನ್ಯಾಯ. ಇವು ಆರೈಕೆಗೆ ಬೇಕಾದ ಸಂಗತಿಗಳು. ಚರ್ಮದ ಬಣ್ಣದಿಂದ ಆರೈಕೆ ಹೆಚ್ಚೂ ಆಗದು, ಕಡಿಮೆಯೂ ಆಗದು. ಅಭ್ಯಾಸವಿಲ್ಲ ಎಂಬ ಫೋನುಗಳು ಹತ್ತು ಮನೆಯಿಂದ ಬಂದರೆ ಸಾಕು, ಮುಂದಿನ ಸಲ ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬುದು ಆ ಏಜೆನ್ಸಿಯಲ್ಲಿ ತನ್ನಷ್ಟಕ್ಕೆ ತೀರ್ಮಾನವಾಗಿಬಿಡುತ್ತದೆ. ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ನಾವು ಯಾರ ಕೆಲಸವನ್ನೂ ಕಿತ್ತುಕೊಂಡಿಲ್ಲ ಎಂದುಕೊಂಡು ಕಾಫಿ ಕುಡಿಯುತ್ತಿರುತ್ತೇವೆ.

ಸಂಘದಲ್ಲೂ ಇದೇ ಕಥೆ. ಕಳೆದ ದೀಪಾವಳಿಯ ಊಟದ ಏರ್ಪಾಟಿನ ವೇಳೆ ಸದಸ್ಯರೊಬ್ಬರು ಕೇಟರಿಂಗ್‌ನವರಿಗೆ, ಬಡಿಸೋಕೆ ನಮ್ಮವರನ್ನೇ ಕಳಿಸಿ ಎಂದರು. ಆತ ನಕ್ಕು ಕೊಟ್ಟ ಉತ್ತರ ಇಲ್ಲಿ ಬರೆಯಲೇಬೇಕು: “ಗೊತ್ತು ಸಾರ್, ಎಲ್ಲ ಸಂಘದವರೂ ಇದನ್ನೇ ಕೇಳ್ತಾರೆ. ಅದಕ್ಕೇ ಬೇರೆ ಕಡೆಯ ಹುಡುಗರನ್ನ ಪಾತ್ರೆ ತೊಳೆಯೋಕೆ ಒಳಗೇ ಇಟ್ಟಿರ್ತೀನಿ.” ಒಳಗಿದ್ದವರಿಗೆ ಟಿಪ್ಸ್ ಇಲ್ಲ. ಅಟ್ಲಾಂಟಾ, ಬಾಸ್ಟನ್, ಡೆಟ್ರಾಯಿಟ್, ಲಾಸ್ ಏಂಜಲಿಸ್ ನಗರಗಳ ಮಾಹಿತಿ ಇಟ್ಟುಕೊಂಡು ಹೋಲ್ಜರ್ ಮತ್ತು ಇಹ್ಲನ್‌ಫೆಲ್ಟ್ 1998ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತ್ತು: ಅಂಗಡಿಗೆ ಬರುವವರ ಬಣ್ಣ ಯಾವುದೋ ಅದಕ್ಕೆ ತಕ್ಕಂತೆ ನೌಕರರ ಬಣ್ಣ, ಗಿರಾಕಿಯ ಎದುರು ನಿಲ್ಲುವ ಕೆಲಸದಲ್ಲಂತೂ ಇನ್ನೂ ಹೆಚ್ಚು.

ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ರಾತ್ರಿಯಿಡೀ ಪರದೇಶದ ಹೆಸರು ಹೊತ್ತು, ನಮ್ಮ ಕೆಲಸ ಕದ್ದವರು ಎಂಬ ಬೈಗುಳ ತಿಂದ ಹುಡುಗ ಹುಡುಗಿಯರು ಈ ಸಂಘದಲ್ಲೂ ಇದ್ದಾರೆ. ಗಿರಾಕಿಯ ದನಿಯಲ್ಲಿನ ತಾತ್ಸಾರ ಹೇಗಿರುತ್ತದೆಂದು ಅವರನ್ನು ಕೇಳಿ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ಸಣ್ಣ ಗೊತ್ತುವಳಿ ಮಂಡಿಸುತ್ತಿದ್ದೇನೆ. ಸಂಘದ ಊಟ, ಫೋಟೊ, ಕಾವಲು ಯಾವುದೇ ಗುತ್ತಿಗೆಯಿರಲಿ, ಕೆಲಸಕ್ಕೆ ಯಾವ ಮೂಲದವರು ಬರಬೇಕೆಂದು ಸಂಘದ ಪರವಾಗಿ ಯಾರೂ ಕೇಳತಕ್ಕದ್ದಲ್ಲ ಎಂಬ ಒಂದು ಸಾಲು ಕರಾರಿನಲ್ಲಿ ಸೇರಬೇಕು. ಅನುಮೋದಿಸುವವರು ಬೇಕು. ದಯವಿಟ್ಟು ಬನ್ನಿ, ಕೈ ಎತ್ತಿ.