ನಿಘಂಟು ಕಾದದ್ದು 35 ವರ್ಷ

ಭಾಷೆ ಉಳಿಸುವ ಮಾತು ಬಂದಾಗ ನಾರ್ವೆಯ ಈವಾರ್ ಓಸೆನ್ ಅವರ ಕತೆ ಹೇಳುವವರಿದ್ದಾರೆ. ರೈತನ ಮಗ. 1842ರಿಂದ ಊರೂರು ಅಲೆದು ಹಳ್ಳಿಗರ ಮಾತು ಕಲೆಹಾಕಿದರು. 1848ರಲ್ಲಿ ವ್ಯಾಕರಣ, 1850ರಲ್ಲಿ ನಿಘಂಟು ತಂದರು. ಡೇನಿಶ್‌ನಲ್ಲೇ ಬರೆಯುತ್ತಿದ್ದ ನಾಡಿಗೆ ತನ್ನದೇ ಬರಹದ ಭಾಷೆ ಸಿಕ್ಕಿತು. ಭಾಷಾವಿಜ್ಞಾನ ಓದಿದ ನನಗೂ ಈ ಕತೆ ಇಷ್ಟ. ಆದರೆ ಇದು ಅರ್ಧ ಕತೆ, ಅದೂ ನಮಗೆ ಹಿತವಾದ ಅರ್ಧ.

ಆ ಭಾಷೆಗೆ ಡೇನಿಶ್ ಬರಹದ ಸರಿಸಮನಾದ ಅಧಿಕೃತ ಸ್ಥಾನ ಸಿಕ್ಕಿದ್ದು 1885ರ ಮೇ 12ರಂದು, ಸಂಸತ್ತಿನ ನಿರ್ಣಯದಿಂದ. ನಿಘಂಟು ಬಂದು ಆಗಲೇ 35 ವರ್ಷ. ಅಷ್ಟು ದಿನ ಆಗದ್ದು ಆಗ ಹೇಗಾಯಿತು? 1882ರ ಚುನಾವಣೆಯನ್ನು ನೋಡಬೇಕು.

ಆ ಚುನಾವಣೆಯ ಮುಖ್ಯ ಪ್ರಶ್ನೆ ಭಾಷೆಯದಲ್ಲ. ಸ್ವೀಡನ್, ನಾರ್ವೆ ಎರಡಕ್ಕೂ ಒಬ್ಬನೇ ದೊರೆ, ಎರಡನೇ ಆಸ್ಕರ್. ಮಂತ್ರಿಗಳು ಸಂಸತ್ತಿಗೆ ಬಂದು ಚರ್ಚೆಯಲ್ಲಿ ಕೂರಬೇಕೆಂಬ ಸಂವಿಧಾನ ತಿದ್ದುಪಡಿಗೆ ಅವನು ಒಪ್ಪಿಗೆ ಕೊಡಲೊಲ್ಲ. ಆಳುವುದು ಯಾರು, ದೊರೆಯ ಅಧಿಕಾರಿಗಳೋ ಚುನಾಯಿತರೋ? ಜಗಳ ಇಷ್ಟೇ. ಮತದಾನ ಹೆಚ್ಚುಕಡಿಮೆ ಅಧಿಕಾರಿಗಳ ಮತ್ತು ಆಸ್ತಿಯುಳ್ಳ ಗಂಡಸರ ಹಕ್ಕಾಗಿತ್ತು. ಹಾಗಾಗಿ ಆ ವರ್ಷಗಳಲ್ಲಿ ಕೆಲವರು ಬೆಳೆ ಬಾರದ ಜೌಗು ನೆಲದ ತುಂಡು ಕೊಂಡು ಮತದಾರರಾದರು. ಯೋಹಾನ್ ಸ್ವೆರ್ಡ್ರುಪ್ ಅವರ ಬಣ 114ರಲ್ಲಿ 83 ಸ್ಥಾನ ಗೆದ್ದಿತು. 1884ರಲ್ಲಿ ಪ್ರಧಾನಿ ಸೆಲ್ಮರ್ ಮಹಾಭಿಯೋಗದಲ್ಲಿ ಹುದ್ದೆ ಕಳೆದುಕೊಂಡರು, ಸ್ವೆರ್ಡ್ರುಪ್ ಪ್ರಧಾನಿಯಾದರು. ಮರುವರ್ಷವೇ ಭಾಷೆಯ ನಿರ್ಣಯ.

ಇದು ಕಾಕತಾಳೀಯವಲ್ಲ. ಡೇನಿಶ್ ಬರೆಯುತ್ತಿದ್ದ ಅಧಿಕಾರಿವರ್ಗದ ಕೈಯಿಂದಲೇ ಅಧಿಕಾರ ಜಾರಿತ್ತು. ಹಳ್ಳಿಯ ಮಾತಾಡುವ ರೈತರು ಗೆದ್ದ ಬಣದಲ್ಲಿದ್ದರು.

ನಿಘಂಟೇ ಇಲ್ಲದಿದ್ದರೆ ಸಂಸತ್ತು ಯಾವುದಕ್ಕೆ ಮನ್ನಣೆ ಕೊಡುತ್ತಿತ್ತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಓಸೆನ್ ಬೇಕೇ ಬೇಕಿತ್ತು. 1882ರ ಗೆಲುವೂ ಎಲ್ಲರ ಗೆಲುವಲ್ಲ. ನಾರ್ವೆಯ ಹೆಂಗಸರೆಲ್ಲರಿಗೂ ಮತ ಸಿಕ್ಕಿದ್ದು 1913ರಲ್ಲಿ. ನನ್ನ ತಕರಾರು ಬೇರೆ: ರಾಜಕೀಯ ಹೊಲಸು, ನಾವು ಪದ ಕೂಡಿಸೋಣ, ಪುಸ್ತಕ ತರೋಣ, ಉಳಿದದ್ದು ತಾನಾಗಿ ಆಗುತ್ತದೆ ಎನ್ನುವವರು ಓಸೆನ್ ಹೆಸರನ್ನು ಸಾಕ್ಷಿಗೆ ಕರೆಯುತ್ತಾರಲ್ಲ, ಅದು. ನಾರ್ವೆಯಲ್ಲಿ ತಾನಾಗಿ ಏನೂ ಆಗಲಿಲ್ಲ.

ಅನುವಾದವನ್ನೇ ನಂಬಿ ಬದುಕುವ ನನಗೆ ಇದನ್ನು ಒಪ್ಪುವುದು ಸುಲಭವಲ್ಲ. ಆದರೂ ಮುಂದಿನ ಸಲ ಓಸೆನ್ ಅವರನ್ನು ಹೊಗಳುವಾಗ, ಒಂದು ಮತಕ್ಕಾಗಿ ಜೌಗು ನೆಲ ಕೊಂಡವರನ್ನೂ ನೆನೆಯೋಣ.