ಬೊಕ್ಕಸ ಒಂದು, ಯಜಮಾನರು ಇಬ್ಬರು: ಇಂಗ್ಲೆಂಡಿನ ಆರೈಕೆ ನಿಧಿಯ ಪಾಠ

ಕಾಯಿಲೆ ವಾಸಿಯಾದರೂ ಮನೆಗೆ ಮರಳಲಾಗದೆ ಆಸ್ಪತ್ರೆಯಲ್ಲೇ ಉಳಿಯುವ ವೃದ್ಧರ ಸಮಸ್ಯೆ ಇಂಗ್ಲೆಂಡಿನ ಆರೋಗ್ಯ ವ್ಯವಸ್ಥೆಯನ್ನು ದಶಕಗಳಿಂದ ಕಾಡುತ್ತಿದೆ. ಅಲ್ಲಿನ ಸರ್ಕಾರದ ಕೋರಿಕೆಯಂತೆ ಶಸ್ತ್ರವೈದ್ಯ ಲಾರ್ಡ್ ಡಾರ್ಜಿ 2024ರ ಸೆಪ್ಟೆಂಬರ್‌ನಲ್ಲಿ ನೀಡಿದ ವರದಿಯ ಪ್ರಕಾರ, ಸರ್ಕಾರಿ ಆಸ್ಪತ್ರೆಗಳ ಶೇ 13ರಷ್ಟು ಹಾಸಿಗೆಗಳಲ್ಲಿ ಇರುವವರು ಬೇರೆಡೆ ಆರೈಕೆ ದೊರೆಯದೆ ಕಾಯುತ್ತಿರುವವರು. ಇವರಿಗೆ ಬೇಕಿರುವುದು ವೈದ್ಯರಲ್ಲ. ಸ್ನಾನ ಮಾಡಿಸುವ, ಊಟ ಬಡಿಸುವ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವ ಕೈಗಳು.

ಹೀಗೇಕಾಯಿತು? ಉತ್ತರ 1948ರಲ್ಲಿದೆ. ಆ ವರ್ಷ ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆ (ಎನ್‌ಎಚ್‌ಎಸ್) ಎಲ್ಲರಿಗೂ ಉಚಿತ ಚಿಕಿತ್ಸೆ ನೀಡಿತು. ಅದರ ವೆಚ್ಚ ಕೇಂದ್ರ ಸರ್ಕಾರದ್ದು. ಆದರೆ ವೃದ್ಧರ ಹಾಗೂ ಅಂಗವಿಕಲರ ದೈನಂದಿನ ಆರೈಕೆಯ ಹೊಣೆ ಸ್ಥಳೀಯ ಕೌನ್ಸಿಲ್‌ಗಳ ಪಾಲಿಗೆ ಬಂತು. ಅದು ಉಚಿತವಲ್ಲ. ಇಂದಿಗೂ 23,250 ಪೌಂಡ್‌ಗಿಂತ ಹೆಚ್ಚು ಆಸ್ತಿ ಅಥವಾ ಉಳಿತಾಯ ಇರುವವರು ಸಾಮಾನ್ಯವಾಗಿ ಆರೈಕೆಯ ಪೂರ್ಣ ವೆಚ್ಚವನ್ನು ತಾವೇ ಭರಿಸಬೇಕು. ಒಬ್ಬನೇ ಮನುಷ್ಯನ ಒಂದೇ ಸಂಕಟಕ್ಕೆ ಎರಡು ಕಾನೂನು, ಎರಡು ಬೊಕ್ಕಸ, ಇಬ್ಬರು ಯಜಮಾನರು. ಆಸ್ಪತ್ರೆ ಕೌನ್ಸಿಲ್‌ನತ್ತ ಬೆರಳು ತೋರಿದರೆ, ಕೌನ್ಸಿಲ್ ತನ್ನ ಬರಿದಾದ ಖಜಾನೆಯತ್ತ ಬೆರಳು ತೋರುತ್ತದೆ.

<b>ಜಂಟಿ ನಿಧಿಯ ಪ್ರಯೋಗ</b>

ಈ ಬಿರುಕನ್ನು ಮುಚ್ಚಲು 2013ರಲ್ಲಿ ಪ್ರಕಟವಾದ ಯೋಜನೆಯೇ ‘ಬೆಟರ್ ಕೇರ್ ಫಂಡ್’. ಪ್ರತಿ ಪ್ರದೇಶದಲ್ಲೂ ಎನ್‌ಎಚ್‌ಎಸ್ ಮತ್ತು ಕೌನ್ಸಿಲ್ ತಮ್ಮ ಹಣದ ಒಂದು ಭಾಗವನ್ನು ಜಂಟಿ ನಿಧಿಗೆ ಹಾಕಬೇಕು; ಎರಡೂ ಕಡೆಯವರು ಕೂಡುವ ಆರೋಗ್ಯ ಮತ್ತು ಕ್ಷೇಮ ಮಂಡಳಿ ಅದರ ವೆಚ್ಚದ ಯೋಜನೆಗೆ ಒಪ್ಪಿಗೆ ನೀಡಬೇಕು ಎಂಬುದು ವ್ಯವಸ್ಥೆ. 2015-16ರಲ್ಲಿ ಇದು ಜಾರಿಗೆ ಬಂದಾಗ ಕನಿಷ್ಠ ಮೊತ್ತ 380 ಕೋಟಿ ಪೌಂಡ್ ಎಂದು ನಿಗದಿಯಾಗಿತ್ತು. ಸ್ಥಳೀಯ ಸಂಸ್ಥೆಗಳು ಸ್ವಇಚ್ಛೆಯಿಂದ ಅದನ್ನು 530 ಕೋಟಿ ಪೌಂಡ್‌ಗೆ ಏರಿಸಿದವು. ಒಂದಾಗುವ ಮನಸ್ಸು ಇರಲಿಲ್ಲ ಎಂದು ಯಾರೂ ದೂರುವಂತಿರಲಿಲ್ಲ.

ಫಲಿತಾಂಶ ಮಾತ್ರ ನಿರಾಶಾದಾಯಕವಾಗಿತ್ತು. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2017ರ ಫೆಬ್ರುವರಿಯಲ್ಲಿ ನೀಡಿದ ವರದಿಯ ಪ್ರಕಾರ, ಮೊದಲ ವರ್ಷದಲ್ಲಿ ತುರ್ತು ದಾಖಲಾತಿಗಳನ್ನು 1,06,000ದಷ್ಟು ತಗ್ಗಿಸುವ ಗುರಿ ಇತ್ತು. ಆದದ್ದು 87,000ದಷ್ಟು ಏರಿಕೆ. ಬಿಡುಗಡೆಗೆ ಕಾಯುತ್ತಾ ಕಳೆದ ದಿನಗಳನ್ನು 2,93,000ದಷ್ಟು ಇಳಿಸಬೇಕಿತ್ತು. ಅವು 1,85,000ದಷ್ಟು ಹೆಚ್ಚಿದವು. ಶಾಶ್ವತವಾಗಿ ಆರೈಕೆ ಗೃಹ ಸೇರುವ ವೃದ್ಧರ ಪ್ರಮಾಣ ಇಳಿದದ್ದು ಮಾತ್ರ ಸಮಾಧಾನದ ಅಂಶ.

<b>ಎಡವಿದ್ದು ಎಲ್ಲಿ?</b>

ಮೊದಲನೆಯದಾಗಿ, ಜಂಟಿ ನಿಧಿಗೆ ಬಂದ ಹಣದ ಬಹುಪಾಲು ಹೊಸ ಹಣವಾಗಿರಲಿಲ್ಲ. ಆಸ್ಪತ್ರೆ ಸೇವೆಗಳಿಗೆ ಸಲ್ಲಬೇಕಿದ್ದ ಮೊತ್ತವನ್ನೇ ಈ ಕಡೆಗೆ ತಿರುಗಿಸಲಾಗಿತ್ತು. ಇತ್ತ 2010ರ ನಂತರ ಕೇಂದ್ರದ ಅನುದಾನ ಕಡಿತದಿಂದ ಕೌನ್ಸಿಲ್‌ಗಳು ಸೊರಗಿದ್ದವು. ಜಂಟಿ ನಿಧಿಯ ಹಣ ಹೊಸ ಸೇವೆ ಕಟ್ಟುವ ಬದಲು ಇರುವ ಸೇವೆ ಮುಚ್ಚಿಹೋಗದಂತೆ ತಡೆಯಲು ಹಲವೆಡೆ ಬಳಕೆಯಾದುದು ಸಹಜವೇ.

ಎರಡನೆಯದು ಇನ್ನೂ ಸೂಕ್ಷ್ಮ. ಮನೆಯ ಆರೈಕೆ ಉತ್ತಮಗೊಂಡರೆ ಆಸ್ಪತ್ರೆಯ ವೆಚ್ಚ ಉಳಿಯುತ್ತದೆ, ಆ ಉಳಿತಾಯದಿಂದ ಮನೆಯ ಆರೈಕೆಯನ್ನು ಮತ್ತಷ್ಟು ವಿಸ್ತರಿಸಬಹುದು ಎಂಬುದು ಯೋಜಕರ ಲೆಕ್ಕಾಚಾರ. ಆದರೆ ಒಬ್ಬ ರೋಗಿ ಬಾರದಿದ್ದರೆ ಹಾಸಿಗೆ ಖಾಲಿ ಉಳಿಯುವುದಿಲ್ಲ. ಸರದಿಯಲ್ಲಿರುವ ಮತ್ತೊಬ್ಬರು ಅಲ್ಲಿಗೆ ಬರುತ್ತಾರೆ. ವೈದ್ಯರ ಸಂಬಳ, ಕಟ್ಟಡದ ಖರ್ಚು ಹಾಗೆಯೇ ಇರುತ್ತವೆ. ಉಳಿತಾಯ ಕಾಗದದ ಮೇಲಿತ್ತೇ ಹೊರತು ಖಜಾನೆಯಲ್ಲಿ ಇರಲಿಲ್ಲ.

ಮೂರನೆಯದು ಯಜಮಾನಿಕೆ. ಹಣ ಸ್ಥಳೀಯವಾದರೂ ಷರತ್ತು, ಗುರಿ, ನಮೂನೆಗಳು ಲಂಡನ್ನಿನಿಂದ ಬಂದವು. 2014ರಲ್ಲಿ ನಿಯಮಗಳು ನಡುದಾರಿಯಲ್ಲಿ ಬದಲಾದ ಕಾರಣ ಯೋಜನೆಗಳನ್ನು ಮತ್ತೆ ಬರೆಯಬೇಕಾಯಿತು. ಸ್ಥಳೀಯ ಯೋಜನೆ ಎಂಬುದು ಮೇಲಿನವರ ಪ್ರಶ್ನೆಗಳಿಗೆ ಉತ್ತರ ತುಂಬುವ ಕೆಲಸವಾದರೆ ಅದರಲ್ಲಿ ಸ್ಥಳೀಯತೆ ಉಳಿಯುವುದಾದರೂ ಹೇಗೆ?

<b>ಟಾರ್ಬೇಯ ಉತ್ತರ</b>

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇಂಗ್ಲೆಂಡಿನಲ್ಲೇ ಇದೆ. ನೈಋತ್ಯ ಕರಾವಳಿಯ ಟಾರ್ಬೇಯಲ್ಲಿ ವೃದ್ಧರ ಸಂಖ್ಯೆ ಹೆಚ್ಚು. ಅಲ್ಲಿ 2005ರಲ್ಲಿ ಸಮುದಾಯ ಆರೋಗ್ಯ ಹಾಗೂ ಆರೈಕೆ ಸೇವೆಗಳನ್ನು ಒಂದೇ ಟ್ರಸ್ಟ್‌ನಡಿ ತರಲಾಯಿತು. ಅಧಿಕಾರಿಗಳು ‘ಶ್ರೀಮತಿ ಸ್ಮಿತ್’ ಎಂಬ ಕಾಲ್ಪನಿಕ ವೃದ್ಧೆಯನ್ನು ಮುಂದಿಟ್ಟುಕೊಂಡು ಯೋಚಿಸಿದರು: ಈಕೆ ಎಷ್ಟು ಕಚೇರಿಗಳಿಗೆ ಫೋನ್ ಮಾಡಬೇಕು, ಎಷ್ಟು ಬಾರಿ ಅದೇ ಕಥೆ ಹೇಳಬೇಕು? ಉತ್ತರವಾಗಿ ಕುಟುಂಬ ವೈದ್ಯರ ಚಿಕಿತ್ಸಾಲಯಗಳ ಸುತ್ತ ದಾದಿ, ಚಿಕಿತ್ಸಕ, ಸಮಾಜ ಕಾರ್ಯಕರ್ತರ ತಂಡಗಳು ರೂಪುಗೊಂಡವು. ಪ್ರತಿ ತಂಡಕ್ಕೂ ಎಲ್ಲ ಸೇವೆಗಳನ್ನು ಹೊಂದಿಸುವ ಸಂಯೋಜಕರು. ಕರೆ ಮಾಡಲು ಒಂದೇ ಸಂಖ್ಯೆ. ವೃದ್ಧರ ತುರ್ತು ದಾಖಲಾತಿಯ ದಿನಗಳು ಕಡಿಮೆಯಾದವು. ಬಿಡುಗಡೆಯ ವಿಳಂಬ ನಗಣ್ಯವೆನಿಸುವ ಮಟ್ಟಕ್ಕೆ ಇಳಿಯಿತು.

ಗಮನಿಸಬೇಕಾದದ್ದು ಕ್ರಮವನ್ನು. ಟಾರ್ಬೇಯಲ್ಲಿ ಕೆಲಸ ಶ್ರೀಮತಿ ಸ್ಮಿತ್‌ಳ ಮನೆಬಾಗಿಲಿನಿಂದ ಆರಂಭವಾಯಿತು. ಹಣ ಅದನ್ನು ಹಿಂಬಾಲಿಸಿತು. ರಾಷ್ಟ್ರಮಟ್ಟದ ನಿಧಿಯಲ್ಲಿ ಹಣವನ್ನು ಮೊದಲು ಒಗ್ಗೂಡಿಸಿ, ಕೆಲಸ ತಾನಾಗಿ ಒಗ್ಗೂಡೀತು ಎಂದು ಕಾಯಲಾಯಿತು. 1973ರಿಂದಲೇ ಎರಡೂ ಸೇವೆಗಳನ್ನು ಒಂದೇ ಆಡಳಿತದಡಿ ಇಟ್ಟಿರುವ ಉತ್ತರ ಐರ್ಲೆಂಡ್ ಕೂಡ ಆಸ್ಪತ್ರೆಗಳ ದೀರ್ಘ ಸರದಿಯಿಂದ ಪಾರಾಗಿಲ್ಲ ಎಂಬುದು ಇಲ್ಲಿ ನೆನಪಿಡಬೇಕಾದ ಅಂಶ.

ಸದ್ಯ ಬ್ಯಾರೊನೆಸ್ ಲೂಯಿಸ್ ಕೇಸಿ ಅವರ ಆಯೋಗಕ್ಕೆ ಇಡೀ ಆರೈಕೆ ವ್ಯವಸ್ಥೆಯ ಪರಾಮರ್ಶೆಯನ್ನು ವಹಿಸಲಾಗಿದ್ದು, ಅಂತಿಮ ವರದಿಗೆ 2028ರ ಗಡುವಿದೆ. ಅತ್ತ 2025ರ ಜುಲೈನಲ್ಲಿ ವಿದೇಶಗಳಿಂದ ಆರೈಕೆ ಕಾರ್ಯಕರ್ತರ ಹೊಸ ನೇಮಕಾತಿಗೆ ವೀಸಾ ದಾರಿಯನ್ನು ಮುಚ್ಚಲಾಗಿದೆ. ಹಣ ಒಂದಾದರೂ ಕೈಗಳಿಲ್ಲದಿದ್ದರೆ ಆರೈಕೆ ಎಲ್ಲಿಂದ ಬರಬೇಕು?

<b>ನಮಗೇನು?</b>

ಕರ್ನಾಟಕದಲ್ಲಿ ವೃದ್ಧರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಕಂದಾಯ ಇಲಾಖೆಯಿಂದ, ಚಿಕಿತ್ಸೆ ಆರೋಗ್ಯ ಇಲಾಖೆಯಿಂದ, ಇತರ ನೆರವು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ. ಬೊಕ್ಕಸ ಇಲ್ಲಿಯೂ ಒಂದಲ್ಲ. ಇವುಗಳನ್ನು ಹೊಂದಿಸಬೇಕಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು 2021ರಲ್ಲಿ ಅವಧಿ ಮುಗಿದ ಬಳಿಕ ವರ್ಷಗಳ ಕಾಲ ಚುನಾಯಿತ ಸದಸ್ಯರಿಲ್ಲದೆ ನಡೆದವು. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ ದೇಶಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿದ್ದರೂ ಯೋಜಿಸಬೇಕಾದ ಸಭೆಯೇ ಇಲ್ಲದಿದ್ದರೆ ಅನುದಾನ ಬರೀ ಲೆಕ್ಕಶೀರ್ಷಿಕೆಯಾಗುತ್ತದೆ.

ನೆರೆಯ ಕೇರಳ 2008ರ ಉಪಶಮನ ಆರೈಕೆ ನೀತಿಯ ಮೂಲಕ ಪಂಚಾಯಿತಿಗಳ ಹಣದಿಂದಲೇ ದಾದಿಯರನ್ನು ಹಾಸಿಗೆ ಹಿಡಿದವರ ಮನೆಗೆ ಕಳುಹಿಸಿತು. ಮೊತ್ತ ದೊಡ್ಡದಲ್ಲ; ಆದರೆ ಯಾರ ಮನೆಗೆ, ಯಾರು, ಯಾವಾಗ ಹೋಗಬೇಕು ಎಂಬುದಕ್ಕೆ ಹೊಣೆಗಾರರಿದ್ದರು. ಟಾರ್ಬೇಯ ಪಾಠವೂ ಇದೇ. ಮುಂದಿನ ಅನುದಾನದ ಮೊತ್ತವನ್ನು ಕುರಿತು ಚರ್ಚಿಸುವ ಮೊದಲು ನಮ್ಮ ಸರ್ಕಾರ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲೂ ಇಂಥದೊಂದು ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಲಿ. ಖಾತೆಗಳನ್ನು ಕೂಡಿಸುವ ಕೆಲಸ ಆನಂತರದ್ದು.