ಹವ್ಯಾಸಿ ಅಂದರೆ ಯಾರು?

ಕವಿತಾಳದ ನಮ್ಮ ಮನೆಯ ಹಿಂದೆ ಒಂದು ಬೇವಿನ ಮರವಿದೆ. ಅದರ ಕೊಂಬೆಗೆ ಯೂರಿಯಾ ಚೀಲ ನೇತಾಡುತ್ತದೆ. ಒಳಗೆ ಉಸುಕು, ಹಳೆ ಬಟ್ಟೆ ತುಂಬಿದ್ದೇನೆ. ಪದವಿ ಓದುವಾಗ ರಾಯಚೂರಿನಲ್ಲಿ ಎರಡು ವರ್ಷ ಬಾಕ್ಸಿಂಗ್ ಕಲಿತೆ. ಈಗ ಕೋಚ್ ಇಲ್ಲ, ರಿಂಗ್ ಇಲ್ಲ, ಚೀಲ ಮಾತ್ರ ಉಳಿದಿದೆ. ಬೆಳಿಗ್ಗೆ ಸಿರವಾರ ರಸ್ತೆಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ 1600 ಮೀಟರ್ ಓಟಕ್ಕೆ ತಯಾರಿ ನಡೆಸಿ ಬಂದು, ಹತ್ತು ನಿಮಿಷ ಅದಕ್ಕೆ ಗುದ್ದುತ್ತೇನೆ. ಹತ್ತಿ ಬಿಡಿಸಲು ಹೊರಟ ಅವ್ವ ನಿಂತು ಕೇಳುತ್ತಾಳೆ: "ಇದರಾಗ ನಿನಗ ಏನು ಸಿಗ್ತದಪ್ಪ?"

ಅವಳ ಪ್ರಶ್ನೆ ತಪ್ಪಲ್ಲ. ನನ್ನ ಬಳಿ ಒಂದು ಟೂರ್ನಿಯ ಬೆಳ್ಳಿ ಪದಕ, ಒಂದು ಸರ್ಟಿಫಿಕೇಟ್ ಇವೆ. ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಿದಾಗ ದಾಖಲೆ ಪರಿಶೀಲನೆಯ ಮೇಜಿನಲ್ಲಿ ಅದನ್ನು ತಿರುಗಿಸಿ ನೋಡಿ, "ಈ ಟೂರ್ನಿ ಪಟ್ಟಿಯಲ್ಲಿ ಇಲ್ಲ" ಎಂದರು. ಅಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ಒಂದೇ ಪದ. ಸರ್ಟಿಫಿಕೇಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಅಮೆಚೂರ್ ಬಾಕ್ಸಿಂಗ್' ಎಂದು ಬರೆದಿತ್ತು. ಹವ್ಯಾಸಿ. ಯಾರು ಈ ಹವ್ಯಾಸಿ?

ಆಮೇಲೆ ಹಳೆಯ ಒಲಿಂಪಿಕ್ಸ್‌ಗಳ ಬಗ್ಗೆ ಓದತೊಡಗಿದೆ. ಸಾಮಾನ್ಯ ಜ್ಞಾನಕ್ಕೂ ಉಪಯೋಗವಾಗಲಿ ಎಂಬ ಆಸೆಯೂ ಇತ್ತು, ಸುಳ್ಳು ಹೇಳುವುದಿಲ್ಲ. 1896 ರ ಅಥೆನ್ಸ್‌ನಲ್ಲಿ ಬಾಕ್ಸಿಂಗ್ ಇರಲಿಲ್ಲ. 1904 ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೇರಿತು, ಆದರೆ ಕಣಕ್ಕಿಳಿದವರೆಲ್ಲ ಅಮೆರಿಕದವರೇ. 1908 ರ ಲಂಡನ್ ಕಥೆ ಸ್ವಾರಸ್ಯದ್ದು. ಅಕ್ಟೋಬರ್ 27 ರಂದು, ಒಂದೇ ದಿನದಲ್ಲಿ, ಐದೂ ತೂಕದ ವಿಭಾಗಗಳ ಪಂದ್ಯ ಮುಗಿಸಿಬಿಟ್ಟರು. ನಾಲ್ಕು ತಂಡಗಳ 42 ಬಾಕ್ಸರ್‌ಗಳಲ್ಲಿ 32 ಮಂದಿ ಬ್ರಿಟನ್ನಿನವರು. ಐದೂ ಚಿನ್ನ ಅವರಿಗೇ. ಮಿಡಲ್‌ವೇಟ್‌ನಲ್ಲಿ ಸ್ನೋವಿ ಬೇಕರ್ ಎಂಬ ಆಸ್ಟ್ರೇಲಿಯಾದ ಹುಡುಗ ಅದೇ ದಿನ ನಾಲ್ಕು ಬಾರಿ ರಿಂಗಿಗೆ ಇಳಿದು, ಫೈನಲ್‌ನಲ್ಲಿ ಜಾನಿ ಡಗ್ಲಸ್‌ಗೆ ಸೋತ. ಈ ಡಗ್ಲಸ್ ಮುಂದೆ ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕನಾದ. ಅಪ್ಪ ಮರದ ವ್ಯಾಪಾರಿ. ಇಂಥವರಿಗೆ ಆಟ ಹವ್ಯಾಸವೇ ಸರಿ. ಸಂಜೆಯ ಊಟದ ಚಿಂತೆ ಇರಲಿಲ್ಲವಲ್ಲ.

ಆದರೆ ಅದೇ ದಿನ ಹೆವಿವೇಟ್ ಚಿನ್ನ ಗೆದ್ದ ಆಲ್ಬರ್ಟ್ ಓಲ್ಡ್‌ಮನ್ ಲಂಡನ್ ಸಿಟಿ ಪೊಲೀಸ್‌ನವನು. ಇದನ್ನು ಓದಿದಾಗ ನಾನು ಜೋರಾಗಿ ನಕ್ಕೆ. ನಾನು ಪೊಲೀಸ್ ಆಗಲು ಬಾಕ್ಸಿಂಗ್ ತೋರಿಸಿದೆ; ಅವನು ಪೊಲೀಸ್ ಆಗಿದ್ದುಕೊಂಡೇ ಬಾಕ್ಸಿಂಗ್ ಆಡಿದ. ಸಂಬಳ ಬರುತ್ತಿತ್ತು, ಆದ್ದರಿಂದ ಹವ್ಯಾಸಿಯಾಗಿ ಉಳಿಯಲು ಸಾಧ್ಯವಾಯಿತು. ಫೆದರ್‌ವೇಟ್‌ನಲ್ಲಿ ಗೆದ್ದ ರಿಚರ್ಡ್ ಗನ್‌ಗೆ ಆಗ 37 ವರ್ಷ. ವಯೋಮಿತಿಯ ಕಾಲಂ ನೋಡಿ ನಿಟ್ಟುಸಿರು ಬಿಡುವ ನಮ್ಮಂಥವರು ಆ ಅಂಕಿಯನ್ನು ಎರಡು ಸಲ ಓದಬೇಕು.

1912 ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬಾಕ್ಸಿಂಗ್ ನಡೆಯಲೇ ಇಲ್ಲ, ಸ್ವೀಡನ್ನಿನ ಕಾನೂನು ಒಪ್ಪಲಿಲ್ಲ. 1920 ರ ಆಂಟ್‌ವರ್ಪ್‌ನಲ್ಲಿ ಮರಳಿ ಬಂತು. ಆ ಆಂಟ್‌ವರ್ಪ್‌ಗೆ ನಮ್ಮವರೂ ಹೋಗಿದ್ದರು. ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತಾಪಿ ಹುಡುಗರನ್ನು ಕಂಡು ದೊರಾಬ್ಜಿ ಟಾಟಾ ತಂಡ ಕಳಿಸಲು ಮುಂದಾದರು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್‌ನಲ್ಲಿ 19 ನೇ ಸ್ಥಾನ ಪಡೆದರು. ಕುಸ್ತಿಗೆ ಇಬ್ಬರು ಹೋದರು, ಅವರಲ್ಲಿ ರಣಧೀರ್ ಶಿಂದೆಸ್ ಕಂಚಿನ ಹತ್ತಿರ ಬಂದು ತಪ್ಪಿಸಿಕೊಂಡರು. ಬಾಕ್ಸರ್ ಒಬ್ಬರೂ ಇರಲಿಲ್ಲ. ಓಟಕ್ಕೆ ರಸ್ತೆ ಸಾಕು, ಕುಸ್ತಿಗೆ ಮಣ್ಣು ಸಾಕು, ಗರಡಿ ಊರೂರಲ್ಲಿ ಇತ್ತು. ಗ್ಲೌಸು, ರಿಂಗು ಎಲ್ಲಿದ್ದವು? ಭಾರತದ ಬಾಕ್ಸರ್‌ಗಳು ಒಲಿಂಪಿಕ್ಸ್ ರಿಂಗ್ ಹತ್ತಿದ್ದು 1948 ರಲ್ಲಿ. ಮೊದಲ ಪದಕ ವಿಜೇಂದರ್ ಸಿಂಗ್ ತಂದದ್ದು 2008 ರಲ್ಲಿ. ನಡುವೆ ಅರವತ್ತು ವರ್ಷ.

ಆಂಟ್‌ವರ್ಪ್‌ನ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಫಿಲಡೆಲ್ಫಿಯಾದ ಜಾನ್ ಕೆಲಿ ಗೌಂಡಿ ಕೆಲಸ ಮಾಡಿ ಬೆಳೆದವನು. ಅದೇ ವರ್ಷ ಇಂಗ್ಲೆಂಡಿನ ಹೆನ್ಲಿ ದೋಣಿ ಪಂದ್ಯಕ್ಕೆ ಅವನ ಅರ್ಜಿ ತಿರಸ್ಕರಿಸಿದರು. ಕೂಲಿಗಾಗಿ ಕೈಕೆಲಸ ಮಾಡಿದವನು ಹವ್ಯಾಸಿ ಅಲ್ಲ ಎಂಬುದು ಅಲ್ಲಿನ ನಿಯಮವಾಗಿತ್ತು. ಕೆಲಿ ಆಂಟ್‌ವರ್ಪ್‌ಗೆ ಹೋಗಿ ಒಂದೇ ದಿನ ಎರಡು ಚಿನ್ನ ಗೆದ್ದ. ನಮ್ಮ ಓಣಿಯಿಂದ ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋದವರು ಎಷ್ಟು ಜನ! ಅವರಲ್ಲಿ ಮೊಹರಂ ಹಬ್ಬಕ್ಕೆ ಬಂದಾಗ ಗುಂಡುಕಲ್ಲು ಎತ್ತಿ ಭುಜದ ಮೇಲಿಂದ ಒಗೆಯುವವರಿದ್ದಾರೆ. ಅವರ ತೋಳು ಯಾವ ಪಟ್ಟಿಯಲ್ಲೂ ಇಲ್ಲ.

ಹೀಗಾಗಿ ನನಗನಿಸುವುದು ಇಷ್ಟು. ಅಂದು ಹಣದ ಅಗತ್ಯ ಇಲ್ಲದವನನ್ನು ಹವ್ಯಾಸಿ ಎಂದರು. ಇಂದು ನಮ್ಮ ಕಡೆ ಹಣ ಸಿಗದವನನ್ನು ಹಾಗೆನ್ನುತ್ತಾರೆ. ಕೋಟಾ ಇರಲಿ, ಬೇಕೇ ಬೇಕು. ಆದರೆ ಸರ್ಟಿಫಿಕೇಟಿಗೆ ಬೆಲೆ ಕಟ್ಟುವ ಮೇಜು ಇಡುವ ಮೊದಲು, ಆ ಸರ್ಟಿಫಿಕೇಟ್ ಗಳಿಸುವ ಜಾಗ ಮಾನ್ವಿ, ದೇವದುರ್ಗ, ಸಿರವಾರದಲ್ಲಿ ಇರಬೇಕಲ್ಲವೇ? ದೊಡ್ಡ ಕ್ರೀಡಾಂಗಣ ಕೇಳುತ್ತಿಲ್ಲ. ತಾಲ್ಲೂಕಿಗೊಂದು ಕೋಣೆ, ನೆಲಕ್ಕೆ ಮ್ಯಾಟ್, ನಾಲ್ಕು ಜೊತೆ ಗ್ಲೌಸ್, ವಾರಕ್ಕೆ ಮೂರು ದಿನ ಬರುವ ಒಬ್ಬ ತರಬೇತುದಾರ. ಯಾವ ಟೂರ್ನಿಗೆ ಮಾನ್ಯತೆ ಇದೆ ಎಂಬ ಪಟ್ಟಿಯನ್ನು ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ ವರ್ಷದ ಆರಂಭದಲ್ಲೇ ಹಚ್ಚಬೇಕು. ಅಷ್ಟು ಗೊತ್ತಿದ್ದರೆ ನಾನು ಸಾಲ ಮಾಡಿ ಆ ಟೂರ್ನಿಗೆ ಹೋಗುತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಇನ್ನೊಂದಕ್ಕೆ ಹೋಗುತ್ತಿದ್ದೆ.

ಗೆಳೆಯರು, "ಆಟ ಬಿಡು, ಕರೆಂಟ್ ಅಫೇರ್ಸ್ ಓದು" ಎನ್ನುತ್ತಾರೆ. ಓದುತ್ತಿದ್ದೇನೆ. ಮುಂದಿನ ಅಧಿಸೂಚನೆಗೆ ಸಾಮಾನ್ಯ ಅಭ್ಯರ್ಥಿಯಾಗಿಯೇ ಅರ್ಜಿ ಹಾಕುತ್ತೇನೆ. ಚೀಲ ಮಾತ್ರ ಬಿಚ್ಚಿಲ್ಲ. ಹೋದ ತಿಂಗಳಿಂದ ಪಕ್ಕದ ಮನೆಯ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಂದು ನಿಂತು ನೋಡುತ್ತಿದ್ದಳು. ಮೊನ್ನೆ, "ಅಣ್ಣ, ನಾನೂ ಹೊಡೀಲೇನು?" ಎಂದಳು. ನನ್ನ ಗ್ಲೌಸ್ ಅವಳ ಕೈಗೆ ದೊಡ್ಡದು. ಒಳಗೆ ಅರಿವೆ ಸುತ್ತಿ ಹಾಕಿಕೊಟ್ಟೆ. ಅವ್ವ ಆವತ್ತು ಏನೂ ಕೇಳಲಿಲ್ಲ. ಬುತ್ತಿ ಗಂಟು ಕೆಳಗಿಟ್ಟು ಸ್ವಲ್ಪ ಹೊತ್ತು ನೋಡುತ್ತ ನಿಂತಳು.